ಕೈವಾರದ ವೃತ್ತ, ಟಿಪ್ಪರಿನ ದಾರಿ

(ಗೋವಾದ ವಾಸ್ಕೋದಲ್ಲಿ ನಾವು ಕನ್ನಡದವರು ಸೇರುವ ಭಾನುವಾರದ ಕೂಟದಲ್ಲಿ ಆಡಿದ ಮಾತು ಇದು. ಬಾಯಿಲೆಕ್ಕದಲ್ಲಿ ತಪ್ಪಿದ್ದ ಒಂದೆರಡು ಅಂಕಿ ಸರಿಪಡಿಸಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಗಣಿ ಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಇವತ್ತು ಬಂದಿಲ್ಲ. ಈ ಸಭೆಯಲ್ಲೇ ಬಾರ್ಜಿನಲ್ಲಿ ದುಡಿದವರಿದ್ದೀರಿ, ಟಿಪ್ಪರ್ ಓಡಿಸಿದವರಿದ್ದೀರಿ, ಕಿಟಕಿಯ ಮೇಲೆ ಕೂತ ಕರಿ ಧೂಳು ಒರೆಸಿ ಒರೆಸಿ ಸಾಕಾದವರೂ ಇದ್ದೀರಿ. ನಾನು ಸರ್ವೆಯವನು. ಒಂದು ಹಳ್ಳಿಯಲ್ಲಿ ಗಣಿ ಶುರುವಾಗುವ ಮೊದಲು ಅಲ್ಲಿನ ನೆಲ ಹೇಗಿದೆ, ದಾರಿ ಹೇಗಿದೆ ಎಂದು ನೋಡಿ ಬರೆದುಕೊಂಡು ಬರುವುದು ನನ್ನ ಕೆಲಸ. ಅದನ್ನು ಹೇಗೆ ಮಾಡುತ್ತೇವೆ, ಎಲ್ಲಿ ಎಡವುತ್ತೇವೆ ಎಂಬಷ್ಟನ್ನೇ ಹೇಳುತ್ತೇನೆ.

ಈ ಕೆಲಸದಲ್ಲಿ ಮೊದಲು ಕೈಗೆ ಬರುವ ಸಾಮಾನು ಕೈವಾರ. ಈಗ ಕಂಪ್ಯೂಟರೇ ಆ ಕೆಲಸ ಮಾಡುತ್ತದೆ, ಆದರೂ ಬುದ್ಧಿ ಕೈವಾರದ್ದೇ. ಗಣಿ ಗುತ್ತಿಗೆಯ ಎಲ್ಲೆಯಿಂದ ಸುತ್ತ 10 ಕಿಲೋಮೀಟರ್ ಗೆರೆ ಎಳೆಯುತ್ತೇವೆ. ಗುತ್ತಿಗೆಯ ಒಳಗಿನದು ಕೋರ್ ಝೋನು, ಅದರ ಎಲ್ಲೆಯಿಂದ ಈ ಗೆರೆಯವರೆಗಿನದು ಬಫರ್ ಝೋನು. ಬಫರಿನಲ್ಲಿ ಎಷ್ಟು ಊರು, ಎಷ್ಟು ಕಾಡು, ಎಷ್ಟು ಗದ್ದೆ, ಎಷ್ಟು ಹೊಳೆ ಎಂದು ಬಣ್ಣ ತುಂಬುತ್ತೇವೆ. 2006ರ ಪರಿಸರ ಅಧಿಸೂಚನೆ ಬಂದಮೇಲೆ ಗಣಿಯ ಪರಿಸರ ಪರಿಣಾಮ ಹೇಳುವ ಎಲ್ಲ ವರದಿಯಲ್ಲೂ ಇಂಥದ್ದೊಂದು ದುಂಡನೆಯ ನಕ್ಷೆ ಇದ್ದೇ ಇರುತ್ತದೆ. ನೋಡಲು ಚೆಂದ. ಗೋವಾದಲ್ಲಿ ಅದು ಅರ್ಧ ಸುಳ್ಳು ಹೇಳುತ್ತದೆ ಎಂಬುದು ನನ್ನ ದೂರು.

ಯಾಕೆ ಅಂದರೆ, ಗೋವಾದ ಗಣಿಯ ಉಪದ್ರವ ದುಂಡಗೆ ಹರಡುವುದಿಲ್ಲ, ಉದ್ದಕ್ಕೆ ಹರಿಯುತ್ತದೆ. ಇಲ್ಲಿ ಕಬ್ಬಿಣದ ಅದಿರು ಇರುವುದು ಒಳನಾಡಿನಲ್ಲಿ: ಡಿಚೋಲಿ, ಸತ್ತರಿ, ಧಾರಬಾಂದೋಡಾ, ಸಾಂಗೆ, ಕೇಪೆ. ಅದನ್ನು ಒಯ್ಯುವ ಹಡಗು ನಿಲ್ಲುವುದು ಇಲ್ಲಿ, ನಮ್ಮ ಮುರಗಾಂವ್ ಬಂದರಿನಲ್ಲಿ. ನಡುವೆ ಮಾಂಡವಿ, ಜುವಾರಿ ನದಿಗಳು. ಗುಡ್ಡದಿಂದ ಟಿಪ್ಪರಿನಲ್ಲಿ ನದಿ ದಂಡೆಯ ಜೆಟ್ಟಿಗೆ, ಜೆಟ್ಟಿಯಿಂದ ಬಾರ್ಜಿನಲ್ಲಿ ಬಂದರಿಗೆ. ಮಳೆಗಾಲದಲ್ಲಿ ಆಗ್ವಾದ ಹತ್ತಿರ ಮಾಂಡವಿಯ ಬಾಯಿ ಬಾರ್ಜುಗಳಿಗೆ ಮುಚ್ಚಿದ ಹಾಗೆಯೇ, ಆಗ ಕುಂಭಾರಜುವೆ ಕಾಲುವೆ ಹಿಡಿದು ಜುವಾರಿಗೆ ಇಳಿಯುವುದು. ಇದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ನಮ್ಮ ಕಡೆಯ ಗಣಿಗಳ ಜೊತೆ ಹೋಲಿಸಿ ನೋಡಿ. ಕುದುರೆಮುಖದಲ್ಲಿ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಅಲ್ಲಿನ ಜಗಳ ಭದ್ರೆಯದ್ದು, ಕಾಡಿನದ್ದು. ಅದಿರು ಲಾರಿಯ ಧೂಳು ಘಾಟಿಯ ಊರುಗಳಿಗೆ ಅಷ್ಟಾಗಿ ಗೊತ್ತಿಲ್ಲ. ಬಳ್ಳಾರಿಯದ್ದು ಅದರ ತಿರುಗು: ಸಂಡೂರಿನ ಮಣ್ಣು ಲಾರಿ ಹತ್ತಿ ಘಟ್ಟ ಇಳಿದು ಬೇಲೆಕೇರಿಯವರೆಗೆ ಬಂತು, ಹೆದ್ದಾರಿಗೆ ಹೆದ್ದಾರಿಯೇ ಕೆಂಪಾಯಿತು. ಗೋವಾ ಎರಡಕ್ಕೂ ನಡುವೆ. ಲಾರಿ ಓಡುವ ದೂರ ಕಡಿಮೆ, ಹಲವು ಕಡೆ 10, 15, 20 ಕಿಲೋಮೀಟರ್ ಅಷ್ಟೆ. ಆದರೆ ಆ ದೂರವೆಲ್ಲ ಊರೊಳಗಿನ ದಾರಿ. ಮನೆ, ತುಳಸಿಕಟ್ಟೆ, ಖುರಿಸು (ದಾರಿಬದಿಯ ಶಿಲುಬೆ), ಶಾಲೆ, ತೆಂಗಿನ ಅಂಗಡಿ, ಮತ್ತೆ ಮನೆ.

ಇತಿಹಾಸವನ್ನು ಬೇಗ ಮುಗಿಸುತ್ತೇನೆ. ಪೋರ್ಚುಗೀಸರ ಕಾಲದ ಪರವಾನಗಿಗಳನ್ನು 1987ರ ಕಾಯ್ದೆ ಗುತ್ತಿಗೆಗಳಾಗಿ ಮಾರ್ಪಡಿಸಿತು. ಚೀನಾದ ಬೇಡಿಕೆ ಏರಿದ ವರ್ಷಗಳಲ್ಲಿ, 2010-11ರ ಹೊತ್ತಿಗೆ, ರಫ್ತು ವರ್ಷಕ್ಕೆ 5 ಕೋಟಿ ಟನ್ ದಾಟಿತು. ಅಕ್ರಮ ಗಣಿಗಾರಿಕೆಯ ತನಿಖೆ ಮಾಡಿದ ಶಾ ಆಯೋಗದ ವರದಿ ಹೊರಬಂದ 2012ರ ಸೆಪ್ಟೆಂಬರಿನಲ್ಲಿ ಎಲ್ಲ ನಿಂತಿತು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿ ಹಾಕಿತು, ಗುತ್ತಿಗೆಯ ಎಲ್ಲೆಯಾಚೆ ಮಣ್ಣು ಸುರಿಯಬಾರದು ಎಂದಿತು. 2018ರಲ್ಲಿ 88 ಗುತ್ತಿಗೆಗಳ ನವೀಕರಣವನ್ನೇ ರದ್ದು ಮಾಡಿತು, ಮಾರ್ಚ್ 16ರಿಂದ ಮತ್ತೆ ಬಂದ್. ಆಮೇಲೆ ಹರಾಜು, 2024ರಲ್ಲಿ ಡಿಚೋಲಿ ಕಡೆ ಮತ್ತೆ ಸದ್ದು. ಇದಿಷ್ಟೂ ಯಾರ ಮನೆಯಲ್ಲಿ ಏನೇನು ಮಾಡಿತು ಎಂದು ನಿಮಗೆ ಗೊತ್ತು. ಬ್ಯಾಂಕಿನ ಕಂತು ಕಟ್ಟಲಾರದೆ ಟಿಪ್ಪರನ್ನು ಹಿತ್ತಲಲ್ಲೇ ತುಕ್ಕು ಹಿಡಿಯಲು ಬಿಟ್ಟವರನ್ನು ನಾನು ನೋಡಿದ್ದೇನೆ.

ಈಗ ಲೆಕ್ಕ. ಹಲಗೆಯ ಮೇಲೆ ಬರೆಯುತ್ತೇನೆ, ಚಿಕ್ಕ ಮಕ್ಕಳೂ ಮಾಡಬಹುದಾದದ್ದು. ಹೇಳಿಕೆಗೆ, ಒಂದು ಗಣಿಗೆ ವರ್ಷಕ್ಕೆ 20 ಲಕ್ಷ ಟನ್ ಅನುಮತಿ ಇದೆ ಅನ್ನಿ. ಟಿಪ್ಪರ್ ಒಂದಕ್ಕೆ 10 ಟನ್. 2 ಲಕ್ಷ ಲೋಡು. ಮಳೆಗಾಲ, ಭಾನುವಾರ, ಹಬ್ಬ ಕಳೆದು ಸಾಗಣೆಗೆ 200 ದಿನ ಸಿಕ್ಕರೆ ದಿನಕ್ಕೆ 1000 ಲೋಡು. ಹೋದ ಟಿಪ್ಪರ್ ಖಾಲಿಯಾಗಿ ವಾಪಸು ಬರಲೇಬೇಕು. ಹಾಗಾಗಿ ಒಂದು ಮನೆಯ ಮುಂದೆ ದಿನಕ್ಕೆ 2000 ಸಲ. ದಿನಕ್ಕೆ 10 ತಾಸು ಸಾಗಣೆ ಅಂದರೆ ತಾಸಿಗೆ 200. ಹದಿನೆಂಟು ಸೆಕೆಂಡಿಗೆ ಒಂದು. ಕೋಲೂರಿಕೊಂಡು ನಡೆಯುವ ಅಜ್ಜಿಗೆ ರಸ್ತೆ ದಾಟಲು ಎಂಟು ಹತ್ತು ಸೆಕೆಂಡು ಬೇಕು. ಟಿಪ್ಪರುಗಳು ಸಮ ಅಂತರದಲ್ಲಿ ಬರುವ ಶಿಸ್ತಿನವಲ್ಲ ಎಂಬುದನ್ನು ಸೇರಿಸಿಕೊಳ್ಳಿ.

ಇದೇ ಲೆಕ್ಕವನ್ನು ನಮ್ಮ ಎಂಜಿನಿಯರುಗಳ ಭಾಷೆಗೆ ತಿರುಗಿಸೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಯಲ್ಲಿ ಪ್ರತಿ ವಾಹನಕ್ಕೂ ಕಾರಿನ ಅಳತೆಯಲ್ಲಿ ಒಂದು ತೂಕವಿದೆ. ಕಾರು 1, ಬೈಕು ಅರ್ಧ, ಲಾರಿ 3. ಎತ್ತಿನ ಗಾಡಿಗೆ 8. ಈ ಎತ್ತಿನ ಗಾಡಿಯ ಅಂಕಿ ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ, ನಮ್ಮಜ್ಜನ ಗಾಡಿ ನಿಜಕ್ಕೂ ಅಷ್ಟು ಜಾಗ ತಿನ್ನುತ್ತಿತ್ತು. ಐದೂವರೆ ಮೀಟರ್ ಅಗಲದ ಗ್ರಾಮೀಣ ರಸ್ತೆ, ಅದೂ ಬಯಲುಸೀಮೆಯ ಅಂಕುಡೊಂಕಿಲ್ಲದ ರಸ್ತೆ, ದಿನಕ್ಕೆ 6000 ಕಾರಿನಷ್ಟು ಹೊರುತ್ತದೆ ಎನ್ನುತ್ತದೆ ಅದೇ ಕೈಪಿಡಿ. ನಮ್ಮ 2000 ಟಿಪ್ಪರನ್ನು ಮೂರರಿಂದ ಗುಣಿಸಿ. ಬರೋಬ್ಬರಿ 6000. ಅಂದರೆ ಬಸ್ಸು, ಸ್ಕೂಟರು, ಪಾವು ಮಾರುವ ಸೈಕಲ್ಲು, ಆಂಬ್ಯುಲೆನ್ಸು ಇವಕ್ಕೆ ಉಳಿದದ್ದು ಸೊನ್ನೆ. ಗೋವಾದ ಒಳನಾಡು ಬಯಲೂ ಅಲ್ಲ, ಅಲ್ಲಿನ ದಾರಿ ನೆಟ್ಟಗೂ ಇಲ್ಲ. ಎಷ್ಟೋ ಕಡೆ ಐದೂವರೆ ಮೀಟರೂ ಇಲ್ಲ.

ಡಾಂಬರಿನ ಕಥೆ ಬೇರೆ. 1958ರಿಂದ 60ರವರೆಗೆ ಅಮೆರಿಕದ ಇಲಿನಾಯ್ಸ್‌ನಲ್ಲಿ ರಸ್ತೆ ಕಟ್ಟಿ, ಅದರ ಮೇಲೆ ಲಾರಿ ಓಡಿಸಿ ಓಡಿಸಿ ಹಾಳು ಮಾಡಿ ನೋಡಿದರು. ಅಲ್ಲಿ ಗೊತ್ತಾದದ್ದು: ಅಚ್ಚಿನ ಮೇಲಿನ ಭಾರ ಏರಿದ ಹಾಗೆ ರಸ್ತೆಗೆ ಆಗುವ ಪೆಟ್ಟು ಸುಮಾರಾಗಿ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. ಶೇ 20ರಷ್ಟು ಹೆಚ್ಚು ಹೇರಿದರೆ ಪೆಟ್ಟು ಎರಡು ಪಟ್ಟು. ಅರ್ಧ ಟನ್ನಿನ ಕಾರಿನ ಅಚ್ಚಿಗೂ ಹತ್ತು ಟನ್ನಿನ ಲಾರಿ ಅಚ್ಚಿಗೂ ಪೆಟ್ಟಿನಲ್ಲಿ ಇರುವ ವ್ಯತ್ಯಾಸ 1 ಲಕ್ಷ 60 ಸಾವಿರ ಪಟ್ಟು. "ಸ್ವಲ್ಪ ಮೇಲೆ ಹಾಕ್ರೋ" ಎಂದು ಲೋಡಿಂಗ್ ಜಾಗದಲ್ಲಿ ಹೇಳುವ ಆ "ಸ್ವಲ್ಪ"ದ ಬೆಲೆಯನ್ನು ಪಂಚಾಯತಿ ತೆರುತ್ತದೆ.

ಈ ಲೆಕ್ಕವನ್ನೆಲ್ಲ ಕುರ್ಚಿಯಲ್ಲಿ ಕೂತು ಮಾಡಬಹುದು. ನಡೆದೇ ತಿಳಿಯಬೇಕಾದದ್ದು ಬೇರೆ ಇದೆ. ಡಿಚೋಲಿ ತಾಲೂಕಿನ ಒಂದು ವಾಡೆಯ, ಅಂದರೆ ಕೇರಿಯ, ತಿರುವು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಒಳಬದಿಗೆ ಎದೆಮಟ್ಟದ ಜಂಬಿಟ್ಟಿಗೆ ಪಾಗಾರ, ಮೇಲೆ ದಾಸವಾಳ ಬಾಗಿದೆ. ಪಾಗಾರದ ಕೊನೆಯಲ್ಲಿ ಸುಣ್ಣ ಬಳಿದ ಖುರಿಸು, ಮುಂದೆ ಬತ್ತಿ ಆರಿದ ಹಣತೆ. ಚಾಲಕನ ಕಣ್ಣಿನ ಎತ್ತರ 1.2 ಮೀಟರ್ ಎಂದು ಹಿಡಿದು, ಎದುರಿಗೆ ಅಂಗೈಯಷ್ಟು ಎತ್ತರದ ವಸ್ತು ಎಲ್ಲಿಂದ ಕಾಣುತ್ತದೆ ಎಂದು ಟೇಪು ಹಿಡಿದು ಅಳೆಯಬೇಕು. ನಾನು ಬಗ್ಗಿ ನೋಡುತ್ತಿದ್ದೆ, ನನ್ನ ಸಹಾಯಕ ಹುಡುಗ ಆಚೆ ತುದಿಯಲ್ಲಿ ಇಟ್ಟಿಗೆ ಚೂರು ಸರಿಸುತ್ತಿದ್ದ. ಟೇಪು 26 ಮೀಟರ್ ತೋರಿಸಿತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಸುರಕ್ಷಿತವಾಗಿ ನಿಲ್ಲಲು ಕೈಪಿಡಿ ಪ್ರಕಾರ 45 ಮೀಟರ್ ಬೇಕು. 26 ಮೀಟರಿಗೆ 25ರ ವೇಗ ಮಾತ್ರ ಸರಿ. ಅಲ್ಲೊಂದು ವೇಗಮಿತಿಯ ಫಲಕವೂ ಇತ್ತು. ಕೆಂಪು ಧೂಳು ಕೂತು ಕೂತು ಅದರಲ್ಲಿ ಬರೆದ ಅಂಕಿ ಯಾವುದೆಂದು ಒರೆಸಿ ನೋಡಬೇಕಾಯಿತು.

ಅದೇ ತಿರುವಿನ ಮುಂದಿನ ಗಾಡ್ಯಾದಲ್ಲಿ ಚಹಾ ಕುಡಿಯುವಾಗ ಕೊಪ್ಪಳದ ಕಡೆಯ ಒಬ್ಬ ಚಾಲಕ ಸಿಕ್ಕ. ಕನ್ನಡ ಕೇಳಿದ್ದೇ ತಡ, ಬೆಂಚಿನಲ್ಲಿ ಜಾಗ ಮಾಡಿಕೊಟ್ಟ. "ಇಷ್ಟು ಜೋರಾಗಿ ಯಾಕಪ್ಪಾ ಓಡಿಸ್ತೀರಿ?" ಅಂದೆ. "ಸರ, ನಮಗ ತಿಂಗಳ ಪಗಾರ ಅಲ್ರಿ, ಟ್ರಿಪ್ ಮ್ಯಾಲ ರೊಕ್ಕ. ಜೆಟ್ಟಿ ಮುಂದ ಲೈನಿನ್ಯಾಗ ಒಂದ್ ತಾಸು ನಿಂತ್ರ ಒಂದ್ ಟ್ರಿಪ್ ಹೋತು. ಅದನ್ನ ಎಲ್ಲಿ ದುಡೀಬೇಕ್ರಿ? ದಾರ್‍ಯಾಗ ದುಡೀಬೇಕು" ಅಂದ. ನನ್ನ ಸಂಚಾರ ಅಧ್ಯಯನದ ಅರ್ಧ ಭಾಗ ಆ ಮಾತಿನಲ್ಲಿ ಮುಗಿದಿತ್ತು. ತಿರುವಿನ ವೇಗವನ್ನು ಗೊತ್ತು ಮಾಡುತ್ತಿದ್ದದ್ದು ಐದಾರು ಕಿಲೋಮೀಟರ್ ಆಚೆಯ ಜೆಟ್ಟಿಯ ಸಾಲು. ಆವತ್ತಿನಿಂದ ನಾನು ರಸ್ತೆ ನೋಡುವ ಮೊದಲು ತೂಕದ ಕಾಟಾ ಎಷ್ಟಿವೆ, ಜೆಟ್ಟಿಯಲ್ಲಿ ಇಳಿಸಲು ಎಷ್ಟು ಹೊತ್ತು, ಬಾಡಿಗೆ ಹೇಗೆ ಕೊಡುತ್ತಾರೆ ಎಂದು ಕೇಳುತ್ತೇನೆ. ವರದಿಯ ನಮೂನೆಯಲ್ಲಿ ಇದಕ್ಕೆ ಅಂಕಣವೇ ಇಲ್ಲ. ನಾನೇ ಒಂದು ಗೆರೆ ಎಳೆದುಕೊಂಡಿದ್ದೇನೆ.

ಆ ಚಾಲಕನ ಬಗ್ಗೆ ಇನ್ನೊಂದು ಮಾತು. ಅವನ ಹೆಂಡತಿ ಮಕ್ಕಳು ಗ್ಯಾರೇಜಿನ ಹಿಂದಿನ ಬಾಡಿಗೆ ಖೋಲಿಯಲ್ಲಿದ್ದರು, ರಸ್ತೆಯಿಂದ ನಾಲ್ಕು ಮಾರು. ಬಾಧಿತ ಮನೆಗಳ ಪಟ್ಟಿ ಮಾಡುವಾಗ ನಾವು ಪಂಚಾಯತಿಯ ಮನೆನಂಬರ್ ಹಿಡಿದು ಹೋಗುತ್ತೇವೆ. ಅಂಥ ಖೋಲಿಗಳಿಗೆ ನಂಬರ್ ಇರುವುದಿಲ್ಲ. ಜನಾಭಿಪ್ರಾಯ ಸಭೆ ಕೊಂಕಣಿ, ಮರಾಠಿಯಲ್ಲಿ ನಡೆಯುತ್ತದೆ, ನಡೆಯಲೇಬೇಕು, ಊರು ಅವರದು. ಆದರೆ ಅತಿ ಹೆಚ್ಚು ಧೂಳು ಕುಡಿಯುವವರು ಯಾವ ಭಾಷೆಯ ಅರ್ಜಿಯಲ್ಲೂ ಇರುವುದಿಲ್ಲ. ಅವರಲ್ಲಿ ನಮ್ಮವರು ಬಹಳ.

ಇನ್ನು ನನ್ನದೇ ತಪ್ಪು ಒಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಒಂದು ಹಳ್ಳಿಯಲ್ಲಿ ವಾಹನ ಎಣಿಸಲು ಕೂತೆ. ನಿಯಮದಂತೆ ವಾರಪೂರ್ತಿ, ದಿನದ 24 ಗಂಟೆ, ಮೂರು ಪಾಳಿಯಲ್ಲಿ ಹುಡುಗರು. ಅಂಕಿ ಬಹಳ ಹಗುರಾಗಿ ಬಂದವು. ರಸ್ತೆಯಲ್ಲಿ ಬೇಕಾದಷ್ಟು ಜಾಗವಿದೆ ಎಂದು ಬರೆದುಕೊಟ್ಟೆ, ಕೆಲಸ ಕೊಟ್ಟವರಿಗೂ ಖುಷಿ. ಕೆಲವು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಅದೇ ದಾರಿಯಲ್ಲಿ ಹೋದೆ, ಬೆಳಿಗ್ಗೆ ಏಳೂವರೆ. ರಸ್ತೆ ತುಂಬ ನೀಲಿ ಬಿಳಿ ಸಮವಸ್ತ್ರ. ಸೈಕಲ್ಲು, ಅಪ್ಪನ ಸ್ಕೂಟರಿನ ಹಿಂದೆ ಇಬ್ಬಿಬ್ಬರು, ಕೈ ಕೈ ಹಿಡಿದ ಪುಟ್ಟವರು. ನಾನು ಎಣಿಸಿದ್ದು ಮೇ ತಿಂಗಳಲ್ಲಿ, ಶಾಲೆಗೆ ರಜೆ ಇದ್ದಾಗ. ಶಾಲೆಯ ಗೇಟಿನ ಬಳಿ ನಿಂತಿದ್ದ ಒಬ್ಬ ಹೆಂಗಸು ನನ್ನ ಗುರುತು ಹಿಡಿದು ಕೇಳಿದರು, "ಮೇ ತಿಂಗಳಲ್ಲಿ ಪೆನ್ನು ಹಿಡಕೊಂಡು ಕೂತಿದ್ದವರು ನೀವೇ ಅಲ್ಲವಾ? ನಮ್ಮ ಮಕ್ಕಳನ್ನು ಯಾವಾಗ ಎಣಿಸ್ತೀರಿ?" ಉತ್ತರ ನನ್ನ ಹತ್ತಿರ ಇರಲಿಲ್ಲ. ವರದಿ ಆಗಲೇ ಹೋಗಿ ಆಗಿತ್ತು.

ಋತುವಿನ ಈ ಮೋಸ ರಸ್ತೆಗಿಂತ ನೆಲದ ವಿಷಯದಲ್ಲಿ ಇನ್ನೂ ದೊಡ್ಡದು. ಮೂಲ ಸ್ಥಿತಿಯ ಅಧ್ಯಯನಕ್ಕೆ ಒಂದು ಋತುವಿನ ಮಾಹಿತಿ ಸಾಕು, ಮಳೆಗಾಲ ಬಿಟ್ಟು. ಮಳೆಗಾಲ ಬಿಟ್ಟು! ವರ್ಷಕ್ಕೆ 3000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ, ಆ ಮಳೆಯೇ ನೆಲದ ಆಕಾರ ತೀಡುವ ನಾಡಿನಲ್ಲಿ, ಚಳಿಗಾಲದ ಒಣ ಗುಡ್ಡ ನೋಡಿ ಬರೆಯುವುದು. ಮದುವೆ ಮುಗಿದ ಮಾರನೆ ದಿನ ಚಪ್ಪರ ನೋಡಿ ಊಟ ಹೇಗಿತ್ತು ಎಂದು ಬರೆದ ಹಾಗೆ.

ಗೋವಾದ ಗಣಿಯಲ್ಲಿ ಒಂದು ಟನ್ ಅದಿರು ತೆಗೆಯಲು ಎರಡೂವರೆ ಮೂರು ಟನ್ ಬೇಡದ ಮಣ್ಣು ಎತ್ತಬೇಕು. ಆ ಮಣ್ಣೇ ಡಂಪು. ಹೀಗೆ ಗುಡ್ಡ ಇದ್ದಲ್ಲಿ ಹೊಂಡ, ಇಳುಕಲು ಇದ್ದಲ್ಲಿ ಗುಡ್ಡ. ಹೊಂಡ ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಇಳಿದರೆ ಸುತ್ತಲ ಬಾವಿಗಳ ನೀರು ಅತ್ತ ವಾಲುತ್ತದೆ, ಪಂಪು ಹಚ್ಚಿ ಅದನ್ನು ತೋಡಿಗೆ ಬಿಡುತ್ತಾರೆ. ಡಂಪಿನ ಮೇಲೆ ಅಕೇಶಿಯಾ, ಗೇರು ನೆಡುತ್ತಾರೆ. ಐದಾರು ವರ್ಷಕ್ಕೆ ಉಪಗ್ರಹದ ಚಿತ್ರದಲ್ಲಿ ಅದು ಹಚ್ಚ ಹಸಿರು. ಉತ್ತರ ಕನ್ನಡದವರಿಗೆ, ಮಲೆನಾಡಿನವರಿಗೆ ಅಕೇಶಿಯಾದ ಹಸಿರು ಎಂಥದ್ದು ಎಂದು ನಾನು ಹೇಳಬೇಕಿಲ್ಲ. ಕೆಳಗೆ ಒಣ ಎಲೆಯ ಹಾಸು, ಹುಲ್ಲಿಲ್ಲ, ಹಕ್ಕಿಯ ಸದ್ದು ಕಡಿಮೆ. ಆದರೆ ನಮ್ಮ ನಕ್ಷೆಯಲ್ಲಿ ಅದಕ್ಕೂ ಪಕ್ಕದ ಹಳೆಯ ಕಾಡಿಗೂ ಒಂದೇ ಬಣ್ಣ ಬೀಳುವ ಅಪಾಯ ಇದೆ. ಒಳಗೆ ಹೋಗಿ ಕಾಲಿನಿಂದ ಎಲೆ ಸರಿಸಿ ಮಣ್ಣು ನೋಡದೆ ಬಣ್ಣ ತುಂಬಬೇಡಿ ಎಂದು ನನ್ನ ಹುಡುಗರಿಗೆ ಹೇಳುತ್ತಿರುತ್ತೇನೆ.

ನೆಲ ಮತ್ತು ದಾರಿ, ಇವೆರಡೂ ವರದಿಯಲ್ಲಿ ಬೇರೆ ಬೇರೆ ಅಧ್ಯಾಯ. ನಿಜದಲ್ಲಿ ಅವು ಸೇರುವ ಜಾಗವೊಂದಿದೆ, ಮೋರಿ. ಸತ್ತರಿ ಕಡೆ ಜುಲೈ ತಿಂಗಳ ಒಂದು ಮಧ್ಯಾಹ್ನ ನಾನು ಒಂದು ಮೋರಿಯ ಮೇಲೆ ಕೊಡೆ ಹಿಡಿದು ಎರಡು ತಾಸು ನಿಂತಿದ್ದೆ. ಮೇಲ್ಗಡೆ ಡಂಪು, ನಡುವೆ ರಸ್ತೆ, ಕೆಳಗೆ ಗದ್ದೆ, ಅದರಾಚೆ ಒಂದು ಕುಳಾಗರ, ಅಂದರೆ ಅಡಿಕೆ, ತೆಂಗು, ಮೆಣಸಿನ ತೋಟ. ರಸ್ತೆಯಡಿ ಮೂರಡಿಯ ಪೈಪು. ಮಳೆ ಜೋರಾಗುವ ಮೊದಲು ನೀರು ಚಹಾದ ಬಣ್ಣ. ಅರ್ಧ ತಾಸಿಗೆ ಕಾವಿಯ ಬಣ್ಣ, ದಪ್ಪಗೆ, ಸದ್ದಿಲ್ಲದೆ. ಪೈಪಿನ ಒಳಗೆ ಮೂರರಲ್ಲಿ ಎರಡು ಪಾಲು ಹೂಳು, ಅದರ ಮೇಲೆ ಉಳಿದ ಅಡಿಯಷ್ಟು ಸಂದಿಯಲ್ಲಿ ನೀರು ನುಗ್ಗಲಾರದೆ ರಸ್ತೆಯನ್ನೇ ದಾಟಿತು. ದಾಟುವಾಗ ಡಾಂಬರಿನ ಅಂಚಿನ ಮಣ್ಣು ಕಿತ್ತುಕೊಂಡು ಹೋಯಿತು. ಕೆಳಗಿನ ಗದ್ದೆಯವನು ಹಾರೆ ಹಿಡಿದು ಬದುವಿನಲ್ಲಿ ಕಿಂಡಿ ಮಾಡಿ ಆ ನೀರನ್ನು ತನ್ನ ಗದ್ದೆ ತಪ್ಪಿಸಿ ಪಕ್ಕಕ್ಕೆ ತಿರುಗಿಸುತ್ತಿದ್ದ. ಪಕ್ಕ ಅಂದರೆ ತಮ್ಮನ ಗದ್ದೆ. ಅವರಿಬ್ಬರ ನಡುವೆ ಮಾತು ನಿಂತು ಮೂರು ವರ್ಷವಾಗಿತ್ತಂತೆ. ಇಂಥ ಕೆಸರು ಒಣಗಿದರೆ ಗಟ್ಟಿ ಹೆಪ್ಪು, ನಾಟಿಯ ಬೆರಳು ಇಳಿಯುವುದಿಲ್ಲ.

ಆ ಮೋರಿ ಕಟ್ಟಿದ ಕಾಲಕ್ಕೆ ಮೇಲೆ ಇದ್ದದ್ದು ಕಾಡಿನ ಗುಡ್ಡ, ಆ ನೀರಿಗೆ ತಕ್ಕ ಪೈಪು. ಗುಡ್ಡ ಡಂಪಾದ ಮೇಲೆ ನೀರಿನ ಓಟ ಬದಲಾಯಿತು, ಪೈಪು ಬದಲಾಗಲಿಲ್ಲ. ಹೀಗಾಗಿ ನಾನು ಈಗ ದಾರಿಯ ಅಳತೆ ಮಾಡುವಾಗ ಪ್ರತಿ ಮೋರಿಯಲ್ಲೂ ಬಗ್ಗಿ ನೋಡುತ್ತೇನೆ. ಒಳಗಿನ ಕೆಂಪು ಗೆರೆ ಎಲ್ಲಿಯವರೆಗಿದೆ ಎಂಬುದು ಕಳೆದ ಮಳೆಯ ರೋಜುನಾಮೆ. ವಾಸ್ಕೋದವರಾದ ನಮಗೇನು ಎನ್ನಬೇಡಿ. ನಿಮ್ಮ ನಲ್ಲಿಗೆ ಬರುವುದು ಸಾಂಗೆಯ ಸಾಳಾವಲಿ ಅಣೆಕಟ್ಟಿನ ನೀರು. ಸಾಂಗೆ ಗಣಿಯ ತಾಲೂಕು.

ಹಾಗಾದರೆ ಬೈಪಾಸ್ ಮಾಡಿದರೆ ಆಯಿತಲ್ಲ ಎಂದು ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಅದಿರಿಗೆಂದೇ ಬೇರೆ ದಾರಿ ಬೇಕು ಎಂಬುದು ನನ್ನ ಮತವೂ ಹೌದು, ಊರೊಳಗಿನ ದಾರಿಗಿಂತ ಅದು ಸಾವಿರ ಪಾಲು ವಾಸಿ. ಆದರೆ ಬೈಪಾಸ್ ಗಾಳಿಯಲ್ಲಿ ಹೋಗುವುದಿಲ್ಲ. ಮನೆ ತಪ್ಪಿಸಲು ಹೋದರೆ ಗದ್ದೆ, ಗದ್ದೆ ತಪ್ಪಿಸಿದರೆ ಕುಳಾಗರ, ಅದನ್ನೂ ತಪ್ಪಿಸಿದರೆ ಮೇಲಿನ ಜಂಬುಮಣ್ಣಿನ ಬಯಲು. ಆ ಬಯಲು ನೋಡಲು ಬರಡು. ನಕ್ಷೆಯಲ್ಲಿ ಪಾಳು ಎಂದು ಬರೆಯುತ್ತೇವೆ. ಮಳೆಯ ನೀರು ಇಂಗಿ ಕೆಳಗಿನ ತೋಟದ ಒರತೆಗೆ ಹೋಗುವುದು ಅಲ್ಲಿಂದಲೇ. ಅಲ್ಲಿ ರಸ್ತೆಗೆಂದು ಕಡಿದರೆ ಒರತೆಯ ದಾರಿಯನ್ನೇ ಕಡಿದ ಹಾಗೆ. ಬೈಪಾಸಿಗೂ ಅದರದೇ ಆದ ಮಳೆಗಾಲದ ಅಧ್ಯಯನ ಬೇಕು, ಅದರ ಮೋರಿಗಳನ್ನು ಮುಂದೆ ಬರುವ ಡಂಪಿನ ನೀರಿಗೆ ಲೆಕ್ಕ ಹಾಕಿ ಕಟ್ಟಬೇಕು. ಇನ್ನೊಂದು, ಗಣಿ ಶುರುವಾದ ಮೇಲೆ ಬೈಪಾಸ್ ಮಾಡುತ್ತೇವೆ ಎಂಬ ಮಾತನ್ನು ನಾನು ನಂಬುವುದನ್ನು ಬಿಟ್ಟಿದ್ದೇನೆ. ದಾರಿ ಮೊದಲು, ಅದಿರು ಆಮೇಲೆ.

ವರದಿ ಬರೆಯುವ ಹುಡುಗ ಹುಡುಗಿಯರು ಇಲ್ಲಿದ್ದರೆ ಒಂದು ಬೇಡಿಕೆ. 10 ಕಿಲೋಮೀಟರ್ ವೃತ್ತ ಎಳೆಯಿರಿ, ನಿಯಮ ಅದು. ಆಮೇಲೆ ಕೆಂಪು ಪೆನ್ಸಿಲ್ ತೆಗೆದುಕೊಂಡು ಹೊಂಡದಿಂದ ಜೆಟ್ಟಿಯವರೆಗೆ ಒಂದು ಗೆರೆ, ಡಂಪಿನಿಂದ ಹೊಳೆಯವರೆಗೆ ಇನ್ನೊಂದು ಗೆರೆ ಎಳೆಯಿರಿ. ಮೊದಲ ಗೆರೆಯ ಮೇಲೆ ಶಾಲೆ ತೆರೆದಿರುವಾಗ ನಡೆಯಿರಿ, ಎರಡನೆಯದರ ಮೇಲೆ ಜುಲೈನಲ್ಲಿ. ಎಷ್ಟೋ ಸಲ ಗೆರೆ ವೃತ್ತದ ಆಚೆಗೆ ಹೋಗುತ್ತದೆ, ಜೆಟ್ಟಿ ವೃತ್ತದ ಹೊರಗೆ ಬೀಳುತ್ತದೆ. ಆಗ ವೃತ್ತ ಬಿಟ್ಟು ಗೆರೆಯ ಹಿಂದೆ ಹೋಗಿ.

ಮಾತು ಇಲ್ಲಿಗೆ ಮುಗಿದಿತ್ತು. ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬರು ಎದ್ದರು. ಇಪ್ಪತ್ತು ವರ್ಷ ಸಾವರ್ಡೆ, ಕುಡಚಡೆ ಕಡೆ ಟಿಪ್ಪರ್ ಓಡಿಸಿದವರಂತೆ. "ಸರ, ಲೆಕ್ಕ ಚಲೋ ಮಾಡೀರಿ. ಒಂದ್ ತಪ್ಪೈತಿ. ಹೋಗೂ ಗಾಡಿಗೂ ಬರೂ ಗಾಡಿಗೂ ಒಂದ ಲೆಕ್ಕ ಹಿಡದೀರಿ. ತುಂಬಿದ್ದು ಹೆಂಗೂ ನಿಧಾನ ಹೊಕ್ಕೈತ್ರಿ. ಖಾಲಿ ಗಾಡಿನ ಜೋರು, ಅದಕ್ಕ ಬ್ರೇಕ್ ಸುದ್ದ ನೆಟ್ಟಗ ಹಿಡಿಯೂದಿಲ್ಲ. ಹಿಂದಿನ ಗಾಲಿ ಜಾರತಾವು, ಮಳಿ ಹನಿ ಬಿದ್ದ ದಿನ ಅಂತೂ ಕೇಳಬ್ಯಾಡ್ರಿ."

ನಾನು ಇಷ್ಟು ವರ್ಷ ತುಂಬಿದ ಟಿಪ್ಪರಿನ ವೇಗವನ್ನಷ್ಟೇ ಅಳೆದಿದ್ದೆ. ಅವರನ್ನು ಚಹಾಕ್ಕೆ ಕೂರಿಸಿಕೊಂಡು, ಯಾವ ಯಾವ ಇಳಿಜಾರಿನಲ್ಲಿ ಹೀಗಾಗುತ್ತದೆ ಎಂದು ಕೇಳಿ, ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯ ಹಿಂದೆಯೇ ಬರೆದುಕೊಂಡೆ. ಎಣಿಕೆಯ ಹಾಳೆಯಲ್ಲಿ ಈಗ 'ಖಾಲಿ' ಎಂದು ಇನ್ನೊಂದು ಅಂಕಣ ಇದೆ.